ಕ್ಯಾನ್ಸರ್ ತಪಾಸಣೆ: ಕೊಯಮತ್ತೂರು ಸೀಮೆಯ ಪಾಠ, ನಮ್ಮ ಮನೆಗಳ ಪಾಡು

ಕೊಯಮತ್ತೂರು ಎಂದೊಡನೆ ನಮ್ಮ ಕಡೆಯ ಮನೆಗಳಲ್ಲಿ ನೆನಪಾಗುವುದು ಹಿಟ್ಟು ಅರೆಯುವ ಗ್ರೈಂಡರು. ತಿರುಪ್ಪೂರು ಎಂದರೆ ಬನಿಯನು. ಇವೆರಡೂ ಇಲ್ಲದ ಮನೆ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಹುಡುಕಿದರೂ ಸಿಗಲಾರದು. ಆದರೆ ಆ ಸೀಮೆಯಲ್ಲಿ ಕನ್ನಡ ಮಾತನಾಡುವ ಮನೆಗಳು ಬೇಕಾದಷ್ಟಿವೆ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು. ಹೊರನಾಡ ಕನ್ನಡಿಗರೆಂದರೆ ಮುಂಬಯಿಯವರು ಎಂದೇ ನಮ್ಮ ಲೆಕ್ಕ. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 12 ಲಕ್ಷಕ್ಕೂ ಮಿಕ್ಕಿದ್ದಾರೆ. ಕೊಯಮತ್ತೂರು ಮತ್ತು 2009ರಲ್ಲಿ ರಚನೆಯಾದ ತಿರುಪ್ಪೂರು ಜಿಲ್ಲೆಗಳಲ್ಲಿ ಚೌಡೇಶ್ವರಿಯನ್ನು ಕುಲದೇವಿಯೆಂದು ಪೂಜಿಸುವ ದೇವಾಂಗ ನೇಯ್ಗೆಯವರಿದ್ದಾರೆ, ಬೇಸಾಯದ ಒಕ್ಕಲಿಗರಿದ್ದಾರೆ. ಮನೆಮಾತು ಕನ್ನಡ, ಓದುಬರಹ ತಮಿಳು. ನಮ್ಮದು ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗು: ಓದುಬರಹ ಕನ್ನಡ, ಮನೆಮಾತು ಕನ್ನಡವೋ ತುಳುವೋ ಕೊಂಕಣಿಯೋ ಮರಾಟಿಯೋ, ಕಚೇರಿಯ ಮಾತು ಮಲೆಯಾಳ. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸ್ತಾಪ ಬರಲಿದೆ.

ನಾವು ಇಂದು ಹೇಳಹೊರಟಿರುವುದು ಭಾಷೆಯ ವಿಚಾರವಲ್ಲ, ಕಾಯಿಲೆಯ ವಿಚಾರ. ಊರ ಆರೋಗ್ಯ ಕೇಂದ್ರದಿಂದ ಮನೆಮನೆಗೆ ಚಿಕಿತ್ಸೆಯನ್ನು ಮುಟ್ಟಿಸುವುದು ಹೇಗೆ, ಕ್ಯಾನ್ಸರನ್ನು ಅದು ಕ್ಯಾನ್ಸರ್ ಆಗುವ ಮೊದಲೇ ಹಿಡಿಯುವುದು ಹೇಗೆ ಎಂಬ ಬಗ್ಗೆ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಕೊಯಮತ್ತೂರು, ತಿರುಪ್ಪೂರುಗಳ ಆಸುಪಾಸಿನಲ್ಲಿ ನಡೆದಷ್ಟು ಕೆಲಸ ದೇಶದ ಹೆಚ್ಚಿನ ಕಡೆ ನಡೆದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರ ಪೈಕಿ ಒಮ್ಮೆಯಾದರೂ ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಂಡವರು ನೂರರಲ್ಲಿ ಇಬ್ಬರೂ ಇಲ್ಲ. ತಮಿಳುನಾಡಿನಲ್ಲಿ ಆ ಸಂಖ್ಯೆ ಹತ್ತಿರ ಹತ್ತು. ಸಾಕ್ಷರತೆಯಲ್ಲಿ, ಆಸ್ಪತ್ರೆಗಳ ಸಂಖ್ಯೆಯಲ್ಲಿ ಹೆಸರು ಮಾಡಿದ ನಮ್ಮ ಕೇರಳವೂ ಈ ಒಂದು ವಿಷಯದಲ್ಲಿ ತಮಿಳುನಾಡಿಗಿಂತ ಹಿಂದೆಯೇ ಇತ್ತು. ಈಗ ಕೇರಳವೂ ಎಚ್ಚೆತ್ತಿದೆ. 2025ರ ಫೆಬ್ರವರಿ 4ರಂದು ‘ಆರೋಗ್ಯಂ ಆನಂದಂ, ಅಗಟ್ಟಾಂ ಅರ್ಬುದಂ’ ಎಂಬ ಆಂದೋಲನ ಆರಂಭವಾಗಿ, ಮೊದಲ ಹಂತದಲ್ಲಿ ಮೂವತ್ತು ದಾಟಿದ ಹೆಂಗಸರ ತಪಾಸಣೆಗೆ ಒತ್ತು ಕೊಡಲಾಯಿತು. ಅರ್ಬುದ ಎಂಬ ಶಬ್ದ ಕನ್ನಡಕ್ಕೂ ಮಲೆಯಾಳಕ್ಕೂ ಒಂದೇ. ಉಳಿದ ಶಬ್ದಗಳೆಲ್ಲ ಒಂದೇ ಅಲ್ಲ ಎಂಬುದೇ ತೊಡಕು.

ಮೊದಲು ಕ್ಯಾನ್ಸರಿಗಿಂತ ಸುಲಭದ ಒಂದು ಸಂಗತಿಯನ್ನು ನೋಡೋಣ. ರಕ್ತದೊತ್ತಡ, ಸಕ್ಕರೆ ಕಾಯಿಲೆ. ತಮಿಳುನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇವಕ್ಕೆ ಮಾತ್ರೆ ಉಚಿತ. ಕೇಂದ್ರ ದೂರವೂ ಅಲ್ಲ, ಔಷಧಿ ಇಲ್ಲವೆಂದು ಹೇಳಿ ಕಳುಹಿಸುವ ಕಾಲವೂ ಅದಲ್ಲ. ಆದರೂ 2020ರಲ್ಲಿ ಆ ರಾಜ್ಯದಲ್ಲೇ ನಡೆದ ಸಮೀಕ್ಷೆಯಲ್ಲಿ ರಕ್ತದೊತ್ತಡವುಳ್ಳವರ ಪೈಕಿ ಅದು ಹತೋಟಿಯಲ್ಲಿದ್ದವರು ಶೇಕಡಾ 7.3 ಮಾತ್ರ; ಸಕ್ಕರೆ ಕಾಯಿಲೆಯವರಲ್ಲಿ ಶೇಕಡಾ 10.8. ಕಾರಣ ತಿಳಿಯಲು ದೊಡ್ಡ ವಿದ್ವತ್ತು ಬೇಡ. ಒಂದು ಪೊಟ್ಟಣ ಮಾತ್ರೆಗಾಗಿ ತಿಂಗಳಿಗೊಂದು ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲಲು, ಮೈಯಲ್ಲಿ ಯಾವ ನೋವೂ ಇಲ್ಲದವನು ಒಪ್ಪುವುದಿಲ್ಲ. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಅಲ್ಲಿನ ಸರಕಾರ ‘ಮಕ್ಕಳೈ ತೇಡಿ ಮರುತ್ತುವಂ’ ಎಂಬ ಯೋಜನೆಯನ್ನು ಆರಂಭಿಸಿತು. ಜನರನ್ನು ಹುಡುಕಿಕೊಂಡು ಬರುವ ವೈದ್ಯ ಎಂದು ಅದರ ಅರ್ಥ. ಸ್ವಸಹಾಯ ಸಂಘಗಳಿಂದ ಆರಿಸಿದ ಹೆಂಗಸರು ಮನೆಗೆ ಹೋಗಿ ಒತ್ತಡ ಅಳೆಯುತ್ತಾರೆ, ಮಾತ್ರೆ ಮುಟ್ಟಿಸುತ್ತಾರೆ. 2023-24ರಲ್ಲಿ ಮತ್ತೊಮ್ಮೆ ಸಮೀಕ್ಷೆ ನಡೆದಾಗ ಹತೋಟಿಯ ಪ್ರಮಾಣ ಎರಡು ಕಾಯಿಲೆಗಳಲ್ಲೂ ಸುಮಾರು ಶೇಕಡಾ 17ಕ್ಕೆ ಏರಿತ್ತು. ಸಾಧನೆ ಹೌದು, ಆದರೆ ನೂರರಲ್ಲಿ ಎಂಬತ್ತಮೂರು ಮಂದಿ ಇನ್ನೂ ಹೊರಗಿದ್ದಾರೆ ಎಂಬುದನ್ನೂ ಮರೆಯಬಾರದು. ಮಾತ್ರೆಯನ್ನು ಬಾಗಿಲಿಗೆ ಒಯ್ದರೂ ಇಷ್ಟು ಕಷ್ಟವಾದರೆ, ಬಾಗಿಲಿಗೆ ಒಯ್ಯಲಾಗದ ಪರೀಕ್ಷೆಯ ಗತಿಯೇನು?

ಗರ್ಭಕೋಶದ ಬಾಯಿಯಲ್ಲಿ, ಅಂದರೆ ಗರ್ಭಕೊರಳಿನಲ್ಲಿ ಬರುವ ಕ್ಯಾನ್ಸರ್ ಅಂಥದು. ನಮ್ಮ ದೇಶದಲ್ಲಿ 2022ರಲ್ಲಿ ಸುಮಾರು 1,27,000 ಹೆಂಗಸರಿಗೆ ಇದು ಹೊಸದಾಗಿ ತಗಲಿತು, ಸುಮಾರು 80,000 ಮಂದಿ ಸತ್ತರು ಎಂದು ಅಂತರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ವಿಪರ್ಯಾಸವೆಂದರೆ ಇಷ್ಟು ನಿಧಾನವಾಗಿ ಬೆಳೆಯುವ ಕ್ಯಾನ್ಸರ್ ಹೆಚ್ಚಿಲ್ಲ. ಎಚ್‌ಪಿವಿ ಎಂಬ ವೈರಸ್ಸು ತಗಲಿ, ಕಣಗಳು ಕೆಡಲಾರಂಭಿಸಿ, ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷಗಳೇ ಬೇಕು. ಈ ನಡುವಿನ ಯಾವ ದಿನ ನೋಡಿದರೂ ಹಿಡಿಯಬಹುದು, ಹಿಡಿದರೆ ಅಲ್ಲೇ ಸುಟ್ಟೋ ಹೆಪ್ಪುಗಟ್ಟಿಸಿಯೋ ತೆಗೆಯಬಹುದು. ಅದಕ್ಕೆ ಬೇಕಾದುದು ಅಡುಗೆಮನೆಯ ವಿನಿಗರಿನಂಥ ಹುಳಿ ದ್ರವ, ಒಳ್ಳೆಯ ಬೆಳಕು, ಪಳಗಿದ ಕಣ್ಣು. ದ್ರವ ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಭಾಗ ಬೆಳ್ಳಗಾಗಿ ಕಾಣುತ್ತದೆ.

ಈ ಅಗ್ಗದ ಪರೀಕ್ಷೆಯಿಂದ ನಿಜಕ್ಕೂ ಪ್ರಾಣ ಉಳಿಯುತ್ತದೆಯೇ ಎಂದು ಲೋಕಕ್ಕೆ ತೋರಿಸಿಕೊಟ್ಟ ಊರು ತಿರುಪ್ಪೂರು ಜಿಲ್ಲೆಯ ಧಾರಾಪುರದಿಂದ ಹೆಚ್ಚು ದೂರದಲ್ಲಿಲ್ಲ. ನೆರೆಯ ದಿಂಡಿಗಲ್ ಜಿಲ್ಲೆಯ ಒಡ್ಡನ್‌ಛತ್ರದ ಬಳಿಯ ಅಂಬಿಳಿಕ್ಕೈ ಎಂಬಲ್ಲಿ ಒಂದು ಕ್ರೈಸ್ತ ಸಮುದಾಯ ಆರೋಗ್ಯ ಕೇಂದ್ರವಿದೆ. ಅದು ಮದರಾಸಿನ ಅಡಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಹಾಗೂ ಮೇಲೆ ಹೇಳಿದ ಅಂತರಾಷ್ಟ್ರೀಯ ಸಂಸ್ಥೆಯ ಜೊತೆ ಸೇರಿ 2000ದಿಂದ 2003ರವರೆಗೆ 30ರಿಂದ 59 ವಯಸ್ಸಿನ 49,311 ಹೆಂಗಸರನ್ನು ತಪಾಸಣೆಗೆ ಕರೆಯಿತು. ಪರೀಕ್ಷಿಸಿದವರು ದೊಡ್ಡ ಡಾಕ್ಟರರಲ್ಲ, ತರಬೇತಿ ಪಡೆದ ನರ್ಸುಗಳು. 31,343 ಮಂದಿ ಬಂದರು. 2006ರವರೆಗಿನ ಲೆಕ್ಕ ತೆಗೆದಾಗ, ಕರೆಯದೆ ಬಿಟ್ಟ ಊರುಗಳಿಗೆ ಹೋಲಿಸಿದರೆ ಕರೆದ ಊರುಗಳಲ್ಲಿ ಈ ಕ್ಯಾನ್ಸರ್ ಶೇಕಡಾ 25ರಷ್ಟು ಕಡಿಮೆ, ಅದರಿಂದಾದ ಸಾವು ಶೇಕಡಾ 35ರಷ್ಟು ಕಡಿಮೆ. ಜೀವಮಾನದಲ್ಲಿ ಒಂದೇ ಒಂದು ಸಲದ ಪರೀಕ್ಷೆಯ ಫಲವಿದು. 2007ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಈ ಫಲಿತಾಂಶವನ್ನು ಹೇಳಿ ಕೈತೊಳೆದುಕೊಳ್ಳುವವರೇ ಹೆಚ್ಚು. ನಮಗೆ ಅದಕ್ಕಿಂತ ಮುಖ್ಯವೆಂದು ಕಾಣುವುದು ನಡುವಿನ ಅಂಕಿಗಳು. ಕರೆದವರಲ್ಲಿ ಮೂರರಲ್ಲೊಂದು ಪಾಲು ಬರಲಿಲ್ಲ. ಬಂದವರಲ್ಲಿ ಹತ್ತರಲ್ಲೊಬ್ಬರಿಗೆ, ಅಂದರೆ 3,088 ಮಂದಿಗೆ, ಇನ್ನೊಮ್ಮೆ ನೋಡಬೇಕು ಎಂದಾಯಿತು. ಆ 3,088ರಲ್ಲಿ 3,052 ಮಂದಿಗೆ ಮುಂದಿನ ಪರೀಕ್ಷೆ ನಡೆಯಿತು, ನೂರರಲ್ಲಿ ತೊಂಬತ್ತೊಂಬತ್ತು! ಹೇಗೆ? ಅದು ಅದೇ ಶಿಬಿರದಲ್ಲಿ ನಡೆಯಿತು. ಇನ್ನೊಂದು ಚೀಟಿ, ಇನ್ನೊಂದು ಬಸ್ಸು, ಇನ್ನೊಂದು ದಿನದ ರಜೆ ಬೇಕಾಗಲಿಲ್ಲ. ಆಮೇಲೆ ಕ್ಯಾನ್ಸರಿಗೆ ಮುಂಚಿನ ದೋಷವುಂಟೆಂದು ತಿಳಿದ 1,874 ಮಂದಿಯಲ್ಲಿ ಚಿಕಿತ್ಸೆ ಪಡೆದವರು ಶೇಕಡಾ 72. ಉಳಿದವರು, ತಮಗೆ ದೋಷವುಂಟೆಂದು ತಿಳಿದೂ, ಪಡೆಯಲಿಲ್ಲ.

ಈಗ ನಮ್ಮ ರಾಜ್ಯಕ್ಕೇ ಬರೋಣ. 1996ರಿಂದ ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳಲ್ಲಿ ಬಾಯಿಯ ಕ್ಯಾನ್ಸರಿನ ಬಗ್ಗೆ ಇಂಥದೇ ಒಂದು ಪ್ರಯೋಗ ನಡೆಯಿತು. ಅಲ್ಲಿ ಮನೆಮನೆಗೆ ಹೋದವರು ವೈದ್ಯಕೀಯ ಓದದ, ಬೇರೆ ವಿಷಯದ ಪದವೀಧರರು. ಟಾರ್ಚು ಹಿಡಿದು ಬಾಯಿ ನೋಡಲು ಅವರಿಗೆ ಕಲಿಸಲಾಗಿತ್ತು. ಪರೀಕ್ಷೆಗೆ ಆರಿಸಿದ 96,517 ಮಂದಿಯಲ್ಲಿ ಶೇಕಡಾ 91 ಮಂದಿ ಒಮ್ಮೆಯಾದರೂ ಬಾಯಿ ತೆರೆದು ತೋರಿಸಿದರು. ಬಾಗಿಲಿಗೆ ಬಂದವನಿಗೆ ಇಲ್ಲವೆನ್ನುವುದು ನಮ್ಮ ಸ್ವಭಾವದಲ್ಲಿಲ್ಲ ತಾನೇ? ಆದರೆ ದೋಷ ಕಂಡ 5,145 ಮಂದಿಯನ್ನು ಡಾಕ್ಟರರಲ್ಲಿಗೆ ಹೋಗಿ ಎಂದು ಕಳುಹಿಸಿದಾಗ ಹೋದವರು 3,218. ನೂರರಲ್ಲಿ ಅರುವತ್ತಮೂರು. ಓದುಬರಹ ಬಲ್ಲ ಜಿಲ್ಲೆ, ಅವರದೇ ಭಾಷೆ, ಹತ್ತಿರವೇ ರಾಜಧಾನಿ. ಆದರೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ದಾರಿಯಲ್ಲೇ ಉಳಿದುಬಿಟ್ಟರು. ಹೀಗಿದ್ದೂ ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಇಳಿಯಿತು. ಎಲ್ಲರೂ ಹೋಗಿದ್ದರೆ ಎಷ್ಟು ಇಳಿಯುತ್ತಿತ್ತೋ!

ಈ ಎರಡನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ತಪಾಸಣೆ ಸೋಲುವುದು ಯಂತ್ರದ ಕೊರತೆಯಿಂದಲ್ಲ, ಡಾಕ್ಟರರ ಕೊರತೆಯಿಂದಲೂ ಅಲ್ಲ. ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವಿನ ದಾರಿಯಲ್ಲಿ. ಆ ದಾರಿಯನ್ನು ಯಾರು ಗಿಡ್ಡ ಮಾಡುತ್ತಾರೋ ಅವರು ಗೆಲ್ಲುತ್ತಾರೆ. ನಮ್ಮ ಇಂದಿನ ವಾದವೆಲ್ಲ ಇಷ್ಟೇ.

ಈ ಪ್ರಯೋಗಗಳ ಬಗ್ಗೆ ಒಂದು ಆಕ್ಷೇಪವೂ ಉಂಟು, ಅದನ್ನು ಮುಚ್ಚಿಡಬಾರದು. ದಿಂಡಿಗಲ್ಲಿನಲ್ಲಿ ಹೋಲಿಕೆಗೆಂದು ತಪಾಸಣೆಯಿಲ್ಲದೆ ಬಿಟ್ಟ ಹೆಂಗಸರು 30,958. ಅವರಲ್ಲಿ 92 ಮಂದಿ ಈ ಕ್ಯಾನ್ಸರಿನಿಂದ ಸತ್ತರು. ಗುಣವುಂಟೆಂದು ಬೇರೆ ದೇಶಗಳಲ್ಲಿ ಆಗಲೇ ಗೊತ್ತಿದ್ದ ತಪಾಸಣೆಯನ್ನು ಇವರಿಗೆ ಕೊಡದೆ ಎಣಿಸುತ್ತ ಕೂತುದು ಸರಿಯೇ ಎಂದು ಕೇಳಿದವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ ಎಂದು ನಮ್ಮ ಮತ. ಆ ಹೆಂಗಸರ ಸಾವಿನಿಂದ ಕಲಿತುದನ್ನು ಇಪ್ಪತ್ತು ವರ್ಷ ಕಪಾಟಿನಲ್ಲಿಡುವುದು ಅದಕ್ಕಿಂತ ದೊಡ್ಡ ಅನ್ಯಾಯ. ಹಾಗೆಯೇ ಎಲ್ಲ ಪರೀಕ್ಷೆಯೂ ಎಲ್ಲ ಕಡೆ ಫಲಿಸುತ್ತದೆ ಎಂದೂ ತಿಳಿಯಬಾರದು. ಕರ್ನಾಟಕದ ಗಡಿಗೆ ತಾಗಿದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲಿ ಒಂದು ಸಲದ ಹುಳಿ ದ್ರವದ ಪರೀಕ್ಷೆ ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ. ಆದರೆ ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ ಒಂದೇ ಸಲ ಮಾಡಿದಲ್ಲಿ ಸಾವು ಅರ್ಧಕ್ಕಿಳಿಯಿತು ಎಂದು 2009ರಲ್ಲಿ ಪ್ರಕಟವಾಯಿತು. ಮುಂಬಯಿಯಲ್ಲಿ ಇಪ್ಪತ್ತು ವರ್ಷ ನಡೆಸಿದ ಸ್ತನ ತಪಾಸಣೆಯ ಪ್ರಯೋಗದಲ್ಲಿ ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಯಿಂದ ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇಕಡಾ 30 ಕಡಿಮೆಯಾಯಿತು, ಅದಕ್ಕಿಂತ ಕಿರಿಯರಲ್ಲಿ ಅಂಥ ಲಾಭ ಕಾಣಲಿಲ್ಲ. ಆದುದರಿಂದ ಪೇಟೆಯ ಆಸ್ಪತ್ರೆಗಳು ಹಬ್ಬದ ರಿಯಾಯಿತಿಯೆಂದು ಜಾಹೀರು ಮಾಡುವ ‘ನಖಶಿಖಾಂತ ತಪಾಸಣೆ’ಗೆ ಸಾಲ ಮಾಡಿ ಹೋಗಬೇಕಾಗಿಲ್ಲ. ಕೇಂದ್ರ ಸರಕಾರದ 2016ರ ಮಾರ್ಗದರ್ಶಿ ಹೇಳುವುದು 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕೊರಳಿನ ಪರೀಕ್ಷೆ. ಇದು ಸರಕಾರಿ ಕೇಂದ್ರದಲ್ಲೇ ಆಗುವಂಥದು.

ತಿರುಪ್ಪೂರಿನ ಬನಿಯನು ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಜನ ದುಡಿಯುತ್ತಾರೆ, ಅವರಲ್ಲಿ ಹೆಂಗಸರ ಪಾಲು ದೊಡ್ಡದು. ಹೊಲಿದ ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವಳಿಗೆ ಆರೋಗ್ಯ ಕೇಂದ್ರದ ಸಮಯವೂ ಕಾರ್ಖಾನೆಯ ಸಮಯವೂ ಒಂದೇ. ಬೆಳಿಗ್ಗೆ ಮನೆಗೆ ಬರುವ ಸ್ವಯಂಸೇವಕಿಗೆ ಅವಳ ಬಾಗಿಲಲ್ಲಿ ಕಾಣುವುದು ಬೀಗ. ಇದನ್ನರಿತೇ ತಮಿಳುನಾಡು ಸರಕಾರ 2024ರಲ್ಲಿ ‘ತೊಳಿಲಾಳರೈ ತೇಡಿ ಮರುತ್ತುವಂ’ ಎಂದು ಕೆಲಸದ ಜಾಗಕ್ಕೇ ರಕ್ತದೊತ್ತಡ, ಸಕ್ಕರೆಯ ತಪಾಸಣೆಯನ್ನು ಒಯ್ದಿತು. ಒಳ್ಳೆಯ ಹೆಜ್ಜೆ. ಆದರೆ ಗರ್ಭಕೊರಳಿನ ಪರೀಕ್ಷೆಗೆ ಮೇಜು, ಪರದೆ, ಒಬ್ಬ ನರ್ಸು, ಹೊರಗೆ ಮೇಸ್ತ್ರಿ ನಿಂತು ಕೈಗಡಿಯಾರ ನೋಡದ ಹದಿನೈದು ನಿಮಿಷ, ಇಷ್ಟು ಬೇಕು. ಯಾವ ಮಾಲಿಕನು ಸಂಬಳ ಕಡಿಯದೆ ಆ ಹದಿನೈದು ನಿಮಿಷವನ್ನು ಕೊಡುತ್ತಾನೋ ಅವನ ಕಾರ್ಖಾನೆಯಲ್ಲಿ ತಪಾಸಣೆ ನಡೆದೀತು. ನಮ್ಮಲ್ಲಿನ ಬೀಡಿ ಬ್ರಾಂಚುಗಳಿಗೂ ಗೇರುಬೀಜದ ಕಾರ್ಖಾನೆಗಳಿಗೂ ಈ ಮಾತು ಹಾಗೆಯೇ ಸಲ್ಲುತ್ತದೆ.

ತಪಾಸಣೆಯನ್ನು ಕ್ರಮವಾಗಿ, ಮನೆಗೆ ಕರೆಯೋಲೆ ಕಳುಹಿಸಿ ನಡೆಸುವ ಪದ್ಧತಿಯನ್ನು ತಮಿಳುನಾಡು 2023ರ ನವೆಂಬರಿನಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿತು: ಈರೋಡು, ಕನ್ಯಾಕುಮಾರಿ, ರಾಣಿಪೇಟೆ, ತಿರುಪತ್ತೂರು. ಈರೋಡು ಕೊಯಮತ್ತೂರಿಗೂ ತಿರುಪ್ಪೂರಿಗೂ ನೆರೆ. ಅದರ ತಾಳವಾಡಿ ತಾಲೂಕು ನಮ್ಮ ಚಾಮರಾಜನಗರಕ್ಕೆ ಅಂಟಿಕೊಂಡಿದ್ದು, ಅಲ್ಲಿ ಕನ್ನಡಿಗರು ಬಹಳ. ಕರೆಯೋಲೆಯನ್ನು ಒಯ್ಯುವವಳು ಅದೇ ಊರಿನ ಹೆಂಗಸು. ಇದರಲ್ಲೊಂದು ದೊಡ್ಡ ಗುಣವುಂಟು. ಅಚ್ಚಾದ ಕಾಗದ ತಮಿಳಿನಲ್ಲಿದ್ದರೂ ಅದನ್ನು ಕೈಗಿಡುವವಳು, ಅವಳೂ ಅದೇ ನೇಕಾರ ಬೀದಿಯ ಸೊಸೆಯಾದರೆ, ಮಗ್ಗದ ಬಳಿ ಕೂತ ಮುದುಕಿಗೆ ಮನೆಮಾತಿನಲ್ಲೇ ಹೇಳಬಲ್ಲಳು. ಮೈಯ ಗುಟ್ಟಿನ ಮಾತುಗಳು ಶಾಲೆಯಲ್ಲಿ ಕಲಿತ ಭಾಷೆಯಲ್ಲಿ ನಾಲಿಗೆಗೆ ಬರುವುದಿಲ್ಲ. ತಿಂಗಳಿನ ಮುಟ್ಟು ನಿಂತ ಮೇಲೆ ರಕ್ತ ಕಂಡಿತು ಎಂದು ಒಬ್ಬ ಹೆಂಗಸು ಹೇಳಬೇಕಾದರೆ, ಅವಳಿಗೆ ಅಮ್ಮ ಕಲಿಸಿದ ಮಾತೇ ಬೇಕು. ಸ್ವಯಂಸೇವಕಿ ಬೇರೆ ಬೀದಿಯವಳಾದರೆ ತಲೆಯಾಡಿಸಿ ಕಳುಹಿಸಿಬಿಡುತ್ತಾರೆ. ತಿರುಪ್ಪೂರಿಗೆ ದುಡಿಯಲು ಬಂದ ಒಡಿಶಾ, ಬಿಹಾರಗಳ ಹೆಂಗಸರಿಗೆ ಈ ಬೀದಿಯ ಸೊಸೆಯೂ ಇಲ್ಲ; ಅವರ ಪಾಡು ಇನ್ನೂ ಕಷ್ಟ.

ಇನ್ನು ನಮ್ಮ ಪಾಡು. ಇಲ್ಲಿ ಎರಡನೆಯ ಪರೀಕ್ಷೆಯ ದಾರಿ ಎಷ್ಟು ಉದ್ದವೆಂದು ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗಬೇಕು, ಇಲ್ಲವೇ ಗಡಿ ದಾಟಿ ಮಂಗಳೂರಿಗೆ. ಇನ್ನೂ ಬಿಗಡಾಯಿಸಿದರೆ ಐನೂರು ಕಿಲೋಮೀಟರಿಗೂ ಆಚೆ ತಿರುವನಂತಪುರಕ್ಕೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ದಾರಿಯೆಂದರೆ ಏನೆಂಬುದು ಎರಡು ರಾಜ್ಯಗಳಿಗೂ ನ್ಯಾಯಾಲಯಗಳಿಗೂ ತಿಳಿಯಿತು. ಇಷ್ಟುದ್ದದ ದಾರಿಯ ಮೊದಲ ಮೆಟ್ಟಿಲು ಒಂದು ಚೀಟಿ. ಆ ಚೀಟಿ ಮಲೆಯಾಳದಲ್ಲಿರುತ್ತದೆ, ಅಥವಾ ಡಾಕ್ಟರರ ಇಂಗ್ಲಿಷಿನಲ್ಲಿ.

ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಇನ್ನೊಂದು ಉದ್ಯೋಗವೂ ಉಂಟು: ಕಾಗದ ಓದಿ ಹೇಳುವುದು. ರೇಶನ್ ಕಾರ್ಡಿನ ನೋಟೀಸು, ಬ್ಯಾಂಕಿನ ಪತ್ರ, ಕರೆಂಟಿನ ಬಿಲ್ಲು. ಗಂಡು ಅಧ್ಯಾಪಕರ ಕೈಗೆ ಇವನ್ನೆಲ್ಲ ಧೈರ್ಯವಾಗಿ ಕೊಡುವ ತಾಯಂದಿರು ಆಸ್ಪತ್ರೆಯ ಚೀಟಿಯನ್ನು ಮಾತ್ರ ಸೆರಗಿನಲ್ಲೇ ಇಟ್ಟುಕೊಂಡು ಅಧ್ಯಾಪಕಿಯರನ್ನು ಕಾಯುತ್ತಾರೆ. ಬೀಡಿ ಕಟ್ಟುವ ಒಬ್ಬ ತಾಯಿ ಹೀಗೆಯೇ ಮಗಳ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಲು ಬಂದವರು, ‘ಟೀಚರೇ, ಇದರಲ್ಲಿ ಎಂತ ಉಂಟು, ಒಮ್ಮೆ ಓದಿ ಹೇಳಿ’ ಎಂದು ಮಡಿಸಿ ಮಡಿಸಿ ಹರಿಯಲಾದ ಕಾಗದವನ್ನು ಕೊಟ್ಟರಂತೆ. ಮುಂದಿನ ಪರೀಕ್ಷೆಗೆ ಇಂಥ ದಿನ ಬರಬೇಕು ಎಂದಿತ್ತು. ಆ ದಿನ ಕಳೆದು ನಾಲ್ಕು ತಿಂಗಳಾಗಿತ್ತು. ಕೇಳಲಿಲ್ಲವೇ ಎಂದರೆ, ‘ಏನೂ ಇಲ್ಲ ಅಂತ ಎಣಿಸಿದೆ. ಇದ್ದರೆ ಬಾಯಲ್ಲೇ ಹೇಳುತ್ತಿದ್ದರಲ್ಲ?’ ಎಂದರು. ಆ ತಾಯಿಯನ್ನು ಆಮೇಲೆ ಅಧ್ಯಾಪಕಿಯೇ ಕರೆದುಕೊಂಡು ಹೋದರು. ಕ್ಯಾನ್ಸರ್ ಆಗಿರಲಿಲ್ಲ, ಆಗುವ ದಾರಿಯಲ್ಲಿತ್ತು, ಅಲ್ಲೇ ಚಿಕಿತ್ಸೆಯಾಯಿತು. ಎಲ್ಲ ಚೀಟಿಗಳೂ ಪ್ರೋಗ್ರೆಸ್ ಕಾರ್ಡಿನ ಜೊತೆಗೆ ಬರುವುದಿಲ್ಲ.

ಇಲ್ಲಿ ಹುಟ್ಟಿ ಬೆಳೆದವರಿಗೆ ಮಲೆಯಾಳ ಬಾರದೇ ಎಂದು ಕೆಲವರು ಕೇಳುವುದುಂಟು. ಸಂತೆಯ ಮಲೆಯಾಳ ಎಲ್ಲರಿಗೂ ಬರುತ್ತದೆ. ಕಿರಿಯರು ಓದಲೂ ಬಲ್ಲರು. ಆದರೆ ತಪಾಸಣೆ ಬೇಕಾಗಿರುವುದು ಹದಿನೆಂಟರ ಮೊಮ್ಮಗಳಿಗಲ್ಲ, ನಲುವತ್ತೈದು ಐವತ್ತೈದರ ಅಮ್ಮನಿಗೆ, ಅತ್ತೆಗೆ. ಎಣ್ಮಕಜೆ, ಪೈವಳಿಕೆ, ವರ್ಕಾಡಿ, ಬೆಳ್ಳೂರುಗಳ ಆ ವಯಸ್ಸಿನ ಹೆಂಗಸರಲ್ಲಿ ಅನೇಕರು ಓದಿದ್ದು ಕನ್ನಡದಲ್ಲಿ ಐದೋ ಏಳೋ ತರಗತಿ. ಅಷ್ಟು ಓದಿದವರಿಗೆ ಕನ್ನಡದಲ್ಲಿ ಕೊಟ್ಟರೆ ಯಾರ ಹಂಗೂ ಇಲ್ಲದೆ ತಾವೇ ಓದಿಕೊಳ್ಳುತ್ತಾರೆ. ಕೊಯಮತ್ತೂರಿನ ದೇವಾಂಗ ಹೆಂಗಸಿಗೆ ಬೇಕಾಗಿರುವುದು ಕನ್ನಡದ ಮಾತು. ನಮ್ಮವರಿಗೆ ಬೇಕಾಗಿರುವುದು ಕನ್ನಡದ ಅಕ್ಷರ. ಇದು ಯಾರ ಔದಾರ್ಯವೂ ಅಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಈ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಜಮೀನಿನ ಕಾಗದಕ್ಕಾಗಿ ನಾವು ಈ ಕಾಯಿದೆಯನ್ನು ಎಷ್ಟೋ ಸಲ ಎತ್ತಿ ತೋರಿಸಿದ್ದೇವೆ. ಹೆಂಗಸರ ಮೈಯ ಕಾಗದಕ್ಕಾಗಿ ಎತ್ತಿ ತೋರಿಸಿದ ನೆನಪು ನಮಗಿಲ್ಲ.

ಹಾಗೆಂದು ತಪ್ಪೆಲ್ಲ ಸರಕಾರದ್ದೆನ್ನುವುದೂ ಸಲ್ಲದು. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಕೇಳಿದರೆ ‘ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ’ ಎಂದು ಒಳಗಿನಿಂದ ಗಂಡಸೇ ಉತ್ತರ ಕೊಡುವ ಮನೆಗಳಿವೆ. ಕ್ಯಾನ್ಸರ್ ಪರೀಕ್ಷೆಗೆ ಹೋದಳೆಂದು ತಿಳಿದರೆ ಮಗಳ ಸಂಬಂಧ ಕೂಡಿ ಬರಲಿಕ್ಕಿಲ್ಲ ಎಂಬ ಹೆದರಿಕೆಯಿದೆ. ದಿಂಡಿಗಲ್ಲಿನ ಅಂಕಿಯನ್ನು ಇವರು ನೋಡಬೇಕು: ಹತ್ತು ಹೆಂಗಸರಲ್ಲಿ ಒಂಬತ್ತು ಮಂದಿಗೆ ಏನೂ ಕಾಣಲಿಲ್ಲ, ಕಂಡ ಒಬ್ಬಳಿಗೂ ಅದು ಬಹುಮಟ್ಟಿಗೆ ಕ್ಯಾನ್ಸರ್ ಆಗಿರಲಿಲ್ಲ. ಗಂಡಸರು ತಮ್ಮ ಬಾಯಿಯನ್ನೂ ತೋರಿಸಲಿ. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಇಲ್ಲದ ಜಗಲಿ ನಮ್ಮಲ್ಲಿ ಎಷ್ಟಿದೆ? ಎರಡು ಮೂರು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವುಗಳಲ್ಲಿ ಯಾವುದಿದ್ದರೂ ಶಿಬಿರಕ್ಕೆ ಕಾಯದೆ ಹೋಗಬೇಕು. ಸ್ತನದಲ್ಲಿ ನೋವಿಲ್ಲದ ಗಂಟು, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ದಾಂಪತ್ಯದ ನಂತರದ ರಕ್ತಸ್ರಾವ, ಇವಕ್ಕೂ ಅದೇ ಮಾತು. ತಪಾಸಣೆಯೆಂಬುದು ಇಂಥದ್ದೇನೂ ಇಲ್ಲದವರಿಗೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಗರ್ಭಕೊರಳಿನ ಪರೀಕ್ಷೆ ನಡೆಯುವ ದಿನವೇ, ಅದೇ ಕುಟುಂಬ ಆರೋಗ್ಯ ಕೇಂದ್ರದಲ್ಲಿ, ಮುಂದಿನ ಪರೀಕ್ಷೆಯನ್ನೂ ಮಾಡಬಲ್ಲ ತಂಡ ಬರಲಿ; ಗಡಿ ಪಂಚಾಯತುಗಳಿಗೆ ತಿಂಗಳಿಗೊಂದು ದಿನ ಸಾಕು. ಅಂಬಿಳಿಕ್ಕೈಯಲ್ಲಿ ಹಳ್ಳಿಯ ಶಿಬಿರದಲ್ಲಿ ನರ್ಸುಗಳು ಮಾಡಿದ ಕೆಲಸ ಇದು. ಹೆಂಗಸು ತಾನೇ ಮಾದರಿ ತೆಗೆದುಕೊಡಬಹುದಾದ ಎಚ್‌ಪಿವಿ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಒಪ್ಪಿದೆ, ನಾಚಿಕೆಯ ಮನೆಗಳಿಗೆ ಅದು ಹೇಳಿ ಮಾಡಿಸಿದಂತಿದೆ. ಇಷ್ಟನ್ನೂ ತಲೆಯ ಮೇಲೆ ಹೊರಬೇಕಾದ ಆಶಾ ಕಾರ್ಯಕರ್ತೆಯರು 2025ರಲ್ಲಿ ಗೌರವಧನಕ್ಕಾಗಿ ತಿರುವನಂತಪುರದಲ್ಲಿ ತಿಂಗಳುಗಟ್ಟಲೆ ಧರಣಿ ಕೂರಬೇಕಾಯಿತು ಎಂಬುದನ್ನೂ ಇಲ್ಲಿ ಹೇಳಲೇಬೇಕು. ರೋಗಿಯ ಜೊತೆ ಬಸ್ಸು ಹತ್ತುವ ದಿನಕ್ಕೆ ಅವರಿಗೆ ಪ್ರತ್ಯೇಕ ಭತ್ತೆ ಕೊಡಬೇಕು.

ಮತ್ತೆ ಆ ಚೀಟಿ. ಅದರಲ್ಲಿ ಏನಿರಬೇಕೆಂದು ನಾಲ್ಕಾರು ಅಧ್ಯಾಪಕಿಯರು ಕೂತು ಬರೆದುದನ್ನು ಇಲ್ಲಿ ಕೊಡುತ್ತೇವೆ. ‘ನಿಮ್ಮ ಪರೀಕ್ಷೆಯಲ್ಲಿ ಇನ್ನೊಮ್ಮೆ ನೋಡಬೇಕಾದ ಒಂದು ಅಂಶ ಕಂಡಿದೆ. ಇದು ಕ್ಯಾನ್ಸರ್ ಎಂದು ಅರ್ಥವಲ್ಲ. ಈಗಲೇ ನೋಡಿದರೆ ಸುಲಭದಲ್ಲಿ ಗುಣವಾಗುತ್ತದೆ. ಈ ದಿನ, ಇಷ್ಟು ಗಂಟೆಗೆ, ಈ ಆಸ್ಪತ್ರೆಯ ಈ ಕೋಣೆಗೆ ಬನ್ನಿ. ನೋಡುವವರು ಹೆಂಗಸರು. ನಿಮ್ಮ ಜೊತೆ ಬರುವ ಆಶಾ ಕಾರ್ಯಕರ್ತೆಯ ಹೆಸರು, ಫೋನು ಕೆಳಗಿದೆ. ಆ ದಿನ ಬರಲಾಗದಿದ್ದರೆ ಅವರಿಗೆ ತಿಳಿಸಿ, ಬೇರೆ ದಿನ ಕೊಡುತ್ತಾರೆ.’ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮಲೆಯಾಳ ಅಚ್ಚು ಹಾಕಿದರೆ ಎಲ್ಲ ಮನೆಗೂ ಒಂದೇ ಕಾಗದವಾಗುತ್ತದೆ. ತಮ್ಮ ಪಂಚಾಯತಿನ ಆರೋಗ್ಯ ಸ್ಥಾಯೀ ಸಮಿತಿಗೆ ಇದನ್ನು ಕೊಡಬಯಸುವ ವಾಚಕರು ಈ ಪುಟವನ್ನೇ ಕತ್ತರಿಸಿ ಅರ್ಜಿಗೆ ಲಗತ್ತಿಸಬಹುದು. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ಸ್ವೀಕೃತಿಯ ಮುದ್ರೆ ಹಾಕಿಸಿ ಒಂದು ಪ್ರತಿಯನ್ನು ಇಟ್ಟುಕೊಳ್ಳಿ.